ಪ್ಯಾಸ್ಟಿಯ ಅಂಚಿನ ಮಹಾಯುದ್ಧ

ಅಕ್ಕಯ್ಯಮ್ಮ ಆಲೂಗಡ್ಡೆ ಸುಲಿಯುತ್ತಿದ್ದಳು. ಅವಳಿಗೆ ಬೆನ್ನು ಕೊಟ್ಟು ಕೂತಿದ್ದ ಪಿಳ್ಳಮ್ಮ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ಸಿಪ್ಪೆ ಬುಟ್ಟಿಗೆ ಬೀಳುತ್ತಿತ್ತು, ತೊಟ್ಟು ಮೊರಕ್ಕೆ ಬೀಳುತ್ತಿತ್ತು. ಆ ಅಡುಗೆಮನೆಯಲ್ಲಿ ಬೀಳದೆ ಉಳಿದದ್ದು ಮಾತೊಂದೇ.

ಎಲೈ ಒಲೆಯೊಡತಿಯೇ! ಹೊಗೆಗೂಡಿನ ಗರ್ಭದಲ್ಲಿ ನೆಲೆಸಿದವಳೇ! ಮಸಿಯನ್ನೇ ಕಾಡಿಗೆಯಾಗಿಸಿಕೊಂಡು, ಕೆಂಡವನ್ನೇ ಮೂಗುತಿಯಾಗಿಸಿಕೊಂಡು, ಉಕ್ಕುವ ಹಾಲನ್ನೂ ಸೀಯುವ ಸಾರನ್ನೂ ಸಮಚಿತ್ತದಿಂದ ನೋಡುವ ಮಹಾತಾಯಿಯೇ! ಈ ಇಬ್ಬರ ಮೌನದ ಹಿಂದೆ ನಿಂತ ಮಹಾಸಮರವನ್ನು ಹೇಳಹೊರಟ ನಾಲಗೆಗೆ ಬಲ ಕೊಡು. ನಡುವೆ ಹಸಿವಾದರೆ ತಿನ್ನಲು ಏನಾದರೂ ಕೊಡು.

ಅದು ಸುವರ್ಣಯುಗ. ಕವಿಗಳು ಹೊಗಳುವ ಸುವರ್ಣಯುಗವಲ್ಲ, ನೆಲದಡಿಯಿಂದ ನಿಜವಾದ ಸುವರ್ಣವನ್ನೇ ಎತ್ತುತ್ತಿದ್ದ ಯುಗ. ಕೋಲಾರದ ಸೀಮೆಯ ಕೆಂಪು ನೆಲ ಬಾಯ್ತೆರೆದು ನಿಂತು, ಸೈರನ್ ಕೂಗಿದಾಗಲೆಲ್ಲ ಗಂಡಸರ ಒಂದು ಪಾಳಿಯನ್ನು ಉಗುಳಿ ಇನ್ನೊಂದು ಪಾಳಿಯನ್ನು ನುಂಗುತ್ತಿತ್ತು. ಈ ನುಂಗಾಟ ಉಗುಳಾಟದ ಮೇಲ್ವಿಚಾರಣೆಗೆಂದು ಏಳು ಕಡಲು ದಾಟಿ ಬಂದ ದೊರೆಗಳು ದಿಣ್ಣೆಯ ಮೇಲೆ ಹೆಂಚಿನ ಬಂಗಲೆ ಕಟ್ಟಿಸಿಕೊಂಡು, ಬಂಗಲೆಯ ಮುಂದೆ ಗುಲಾಬಿ ನೆಟ್ಟು, ಗುಲಾಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ದೂರದಿಂದ ನೋಡಿದವರಿಗೆ ಅವರೆಲ್ಲ ಒಂದೇ ಬಣ್ಣದ ದೊರೆಗಳು. ಹಿಂಬಾಗಿಲಿನಿಂದ ಒಳಹೊಕ್ಕು ಅವರ ಒಲೆ ಕಂಡವರಿಗಷ್ಟೇ ಗೊತ್ತು, ಅವರಲ್ಲಿ ಎರಡು ಕುಲ.

ಒಂದು ಕಾರ್ನ್‌ವಾಲ್ ಕುಲ. ಅವರ ತಾತ ಮುತ್ತಾತಂದಿರು ತವರದ ಗಣಿಗೆ ಇಳಿದವರು. ಅವರ ಸಂತನ ಹೆಸರು ಪಿರಾನ್, ಅವರ ಕುಲಭಕ್ಷ್ಯ ಪ್ಯಾಸ್ಟಿ ಎಂಬ ಮಾಂಸದ ಕಡುಬು. ಇನ್ನೊಂದು ವೇಲ್ಸ್ ಕುಲ. ಅವರ ತಾತ ಮುತ್ತಾತಂದಿರು ಕಲ್ಲಿದ್ದಲ ಗಣಿಗೆ ಇಳಿದವರು. ಅವರ ಸಂತನ ಹೆಸರು ಡೇವಿಡ್, ಅವರ ಕುಲಭಕ್ಷ್ಯ ಕಾವಲಿಯ ಮೇಲೆ ಸುಡುವ ದ್ರಾಕ್ಷಿಬಿಲ್ಲೆ. ಇಬ್ಬರು ಸಂತರ ಹಬ್ಬವೂ ಮಾರ್ಚಿ ತಿಂಗಳ ಮೊದಲ ವಾರದಲ್ಲೇ ಬೀಳುವುದರಿಂದ, ದೊರೆಗಳ ಕ್ಲಬ್ಬಿನಲ್ಲಿ ಎರಡಕ್ಕೂ ಸೇರಿಸಿ ನಡುವೆ ಒಂದು ದಿನ ದೊಡ್ಡ ಟೀ ಪಾರ್ಟಿ ಇಡುವುದು ಪದ್ಧತಿ. ಇಂದು ಆ ದಿನ. ಕ್ಲಬ್ಬಿನ ಹಿಂದಿನ ಅಡುಗೆಮನೆಯೇ ರಣರಂಗ.

ಇನ್ನು ವೀರರ ವಿಚಾರ.

ಗೋಧೂಮಪಿಷ್ಟಮರ್ದಿನಿ, ಲಟ್ಟಣಿಗೆದಂಡಧಾರಿಣಿ, ಏಕಹಸ್ತದಿಂದ ಆಲೂಗಡ್ಡೆಯ ಮೂಟೆಯನ್ನು ಅನಾಯಾಸವಾಗಿ ಎತ್ತುವ ಮಹಾಬಾಹು ಅಕ್ಕಯ್ಯಮ್ಮ ಕಾರ್ನ್‌ವಾಲಿನ ಟ್ರೆಗೀರ್ ದೊರೆಯ ಮನೆಯ ಅಡುಗೆಯವಳು. ಘೃತಶರ್ಕರಾದ್ರಾಕ್ಷಾಚಕ್ರಪಾಣಿ, ಲೋಹಫಲಕಾಧೀಶ್ವರಿ, ಬಿಸಿ ಕಾವಲಿಯನ್ನು ಸೆರಗಿನ ತುದಿಯಲ್ಲೇ ಇಳಿಸುವ ಅಗ್ನಿಭಯವರ್ಜಿತೆ ಪಿಳ್ಳಮ್ಮ ವೇಲ್ಸಿನ ಪ್ರೊಸರ್ ದೊರೆಯ ಮನೆಯ ಅಡುಗೆಯವಳು. ಇಬ್ಬರೂ ವಾರಗಿತ್ತಿಯರು. ಅಣ್ಣತಮ್ಮಂದಿರ ಹೆಂಡಿರಾಗಿ ಕೂಲಿ ಲೈನಿನ ಸಾಲುಮನೆಯಲ್ಲಿ ಒಂದೇ ಗೋಡೆಯ ಎರಡು ಮಗ್ಗುಲಿಗೆ ಇದ್ದವರು. ಹಿಟ್ಟು ಬೀಸುವ ಕಲ್ಲು ಒಂದೇ, ನೀರಿನ ನಲ್ಲಿ ಒಂದೇ, ಅತ್ತೆಯೂ ಒಂದೇ.

ಇಬ್ಬರಲ್ಲಿ ಯಾರೂ ಕಾರ್ನ್‌ವಾಲನ್ನಾಗಲಿ ವೇಲ್ಸನ್ನಾಗಲಿ ಕಂಡವರಲ್ಲ. ಅಕ್ಕಯ್ಯಮ್ಮ ಕಂಡ ಅತಿದೂರದ ಊರು ಬಂಗಾರಪೇಟೆ. ಆದರೆ ಬೆಂಕಿಯ ಮುಂದೆ ದಿನವೂ ನಿಂತು ಬೇಯಿಸಿದ್ದು ಮೆಲ್ಲಗೆ ಕೈಗಿಳಿಯುತ್ತದೆ, ಕೈಯಿಂದ ಎದೆಗೆ ಏರುತ್ತದೆ. ದೊರೆಸಾನಿಯರು ತಮ್ಮ ಊರಿನ ಊಟದ ಮೇಲೆ ಇಟ್ಟಿದ್ದ ಅಭಿಮಾನ ನಗುನಗುತ್ತಾ ಟೀ ಕುಡಿಯುವಷ್ಟು ಮೆತ್ತಗಿನದು. ಅಡುಗೆಯವರ ಅಭಿಮಾನ ಹಾಗಿರಲಿಲ್ಲ.

ಯುದ್ಧಕಾರಣ ಹುಟ್ಟಿದ್ದು ಸಂಕ್ರಾಂತಿಯ ಬೆಳಿಗ್ಗೆ, ನಲ್ಲಿಯ ಹತ್ತಿರ.

ಅಕ್ಕಯ್ಯಮ್ಮ ಬಿಂದಿಗೆ ತುಂಬುವವರೆಗೆ ಸುಮ್ಮನಿರಲಾರದೆ, ಟ್ರೆಗೀರ್ ದೊರೆಸಾನಿ ಹೇಳಿದ್ದ ಕಥೆ ತೆಗೆದಿದ್ದಳು. ತವರದ ಗಣಿಯಲ್ಲಿ ಕೈಗೆಲ್ಲ ವಿಷದ ಧೂಳು ಮೆತ್ತಿಕೊಂಡಿರುತ್ತಿತ್ತಂತೆ. ತೊಳೆಯಲು ನೀರಿಲ್ಲ. ಅದಕ್ಕೇ ಆ ಊರಿನ ಹೆಂಗಸರು ಕರ್ಜಿಕಾಯಿಯ ಹಾಗೆ ಮಡಚಿದ ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ, ಬದಿಗೆ ದಪ್ಪನೆ ಅಂಚು ಹೆಣೆದು ಕೊಡುತ್ತಿದ್ದರಂತೆ. ಗಂಡಸರು ಆ ಅಂಚು ಹಿಡಿದು ಒಡಲನ್ನೆಲ್ಲ ತಿಂದು, ಅಂಚನ್ನು ಗಣಿಯೊಳಗಿನ ಪುಟ್ಟ ಭೂತಗಳಿಗೆ ಎಸೆಯುತ್ತಿದ್ದರಂತೆ. ಭೂತ ತೃಪ್ತಿಯಾದರೆ ಗೋಡೆ ಕುಸಿಯುವ ಮೊದಲು ಟಕ್ ಟಕ್ ಎಂದು ತಟ್ಟಿ ಎಚ್ಚರಿಸುತ್ತದಂತೆ.

"ಅಲ್ಲಾ ಕಣಕ್ಕಾ," ಎಂದು ಪಿಳ್ಳಮ್ಮ ಕಿಸಕ್ಕನೆ ನಕ್ಕಳು. "ಎಸೆಯೋ ಅಂಚಿಗೆ ಮದುವೆ ಹೆಣ್ಣಿಗೆ ಹಾಕ್ದಂಗೆ ಜಡೆ ಹಾಕ್ತೀಯಲ್ಲ ನೀನು! ಆ ಜಡೆ ನೋಡಿ ದೆವ್ವ ಮದುವೆಗೆ ಕೇಳ್ಕೊಂಡು ಬಂದ್ರೆ ಏನ್ ಮಾಡ್ತೀಯ?"

ಅಯ್ಯೋ, ಆ ಜಡೆ! ಚಿಕ್ಕಂದಿನಿಂದ ಕರ್ಜಿಕಾಯಿಯ ಅಂಚು ಮಡಚಿ ಪಳಗಿದ ಬೆರಳುಗಳಿಂದ ಅಕ್ಕಯ್ಯಮ್ಮ ಹಾಕುತ್ತಿದ್ದ ಆ ಜಡೆಯನ್ನು ನೋಡಿ ಟ್ರೆಗೀರ್ ದೊರೆಸಾನಿ, ನಮ್ಮೂರಲ್ಲೂ ಇಷ್ಟು ಚೆಂದ ಹೆಣೆಯುವವರಿಲ್ಲ ಎಂದು ಅವಳ ಕೈ ಹಿಡಿದು ಹೇಳಿದ್ದಳು. ಅವಳ ಬದುಕಿನಲ್ಲಿ ಯಾರಾದರೂ ಅವಳ ಕೈ ಹಿಡಿದು ಹೊಗಳಿದ್ದು ಅದೊಂದೇ ಸಲ.

"ನಿಂದೇನಮ್ಮಿ ದೊಡ್ಡದು? ಸಕ್ಕರೆ ಮೆತ್ತಿದ ಚಪಾತಿ! ಒಲೆ ಇಲ್ದೋರು ಕಲ್ಲಿನ ಮೇಲೆ ಸುಟ್ಕೊಂಡು ತಿಂದಿದ್ದು!"

"ಒಲೆ ಇಲ್ಲ ಅಂದ್ರೆ ಬಡವರು ಅಂತ ಕಣಕ್ಕಾ, ಕೈಲಾಗ್ದೋರು ಅಂತಲ್ಲ. ನಮ್ ದೊರೆಸಾನಿ ಅಪ್ಪ ಕೋಟು ಜೇಬ್ನಾಗೆ ಬಿಲ್ಲೆ ಇಟ್ಕೊಂಡು ಗಣಿಗಿಳೀತಿದ್ನಂತೆ. ಒಂದು ಚೂರೂ ಎಸೀತಿರ್ಲಿಲ್ವಂತೆ. ಯಾಕಂದ್ರೆ ಎಸೆಯೋ ಅಂಥದ್ದು ಅದ್ರಾಗೆ ಏನೂ ಇಲ್ಲ!"

ಮುಂದಿನ ಮಾತುಗಳನ್ನು ಒಲೆಯೊಡತಿಯೂ ಕಿವಿ ಮುಚ್ಚಿಕೊಂಡು ಕೇಳಿದಳು. ಒಬ್ಬಳು ಇನ್ನೊಬ್ಬಳ ತವರನ್ನು ತೆಗೆದಳು, ಇನ್ನೊಬ್ಬಳು ಮೊದಲಿನವಳ ಸಾರಿನ ನೀರುತನವನ್ನು ತೆಗೆದಳು. ಕಡೆಗೆ ಅತ್ತೆ ಗಂಗವ್ವ ಹಲ್ಲಿಲ್ಲದ ಬಾಯಲ್ಲಿ ಗುಡುಗಿದಳು. "ಬಾಯಿ ಮುಚ್ರೇ ಇಬ್ರೂವೆ!"

"ಮುಚ್ತೀನಿ," ಎಂದಳು ಪಿಳ್ಳಮ್ಮ. "ಮೊದ್ಲು ಬಾಯಿ ಬಿಟ್ಟೋಳು ಸೋತಂಗೆ. ಸೋತೋಳು ಇನ್ನೊಬ್ಳ ತಿಂಡಿನೇ ಮೇಲು ಅಂತ ಒಪ್ಕೋಬೇಕು."

"ಆಗ್ಲಿ," ಎಂದಳು ಅಕ್ಕಯ್ಯಮ್ಮ. ಗಂಗವ್ವ ಎಲೆಯಡಿಕೆ ಉಗುಳಿ ಒಪ್ಪಂದಕ್ಕೆ ಕೆಂಪು ಮುದ್ರೆ ಒತ್ತಿದಳು.

ಅಂದಿನಿಂದ ಮೌನ. ನಲ್ಲಿಯಲ್ಲಿ ಮೌನ, ಬೀಸುವ ಕಲ್ಲಿನಲ್ಲಿ ಮೌನ. ಹೇಳಲೇಬೇಕಾದ್ದಿದ್ದರೆ ಕೋಳಿಗೆ ಹೇಳುವುದು, ಪೊರಕೆಗೆ ಹೇಳುವುದು, ಬಾಗಿಲಿಗೆ ಹೇಳುವುದು. "ಬಾಗ್ಲೇ, ಯಾರೋ ನಲ್ಲಿ ತಿರುಗಿಸ್ದೆ ಹೋಗವ್ರೆ ನೋಡು." ಈ ಪರಿಯಲ್ಲಿ ಆ ಮನೆಯ ಬಾಗಿಲಿಗೂ ಕೋಳಿಗೂ ಲೋಕಜ್ಞಾನ ವಿಪರೀತ ಬೆಳೆಯಿತು.

ಹೊರಗಿನವರಿಗೆ ಇದು ತಮಾಷೆ. ಅಕ್ಕಯ್ಯಮ್ಮನಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಪಿಳ್ಳಮ್ಮ ಬಸುರಿ. ಎಷ್ಟೋ ಹರಕೆಯ ಮೇಲೆ ನಿಂತ ಚೊಚ್ಚಲು. ನಾಳೆ ಮುಳಬಾಗಿಲ ಕಡೆಯಿಂದ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದು ಹೆರಿಗೆಗೆ ಕರೆದೊಯ್ಯುವವನಿದ್ದ. ಲಂಗ ತೊಟ್ಟು ಈ ಮನೆಗೆ ಬಂದ ಹುಡುಗಿಗೆ ಸೀರೆ ಉಡುವುದನ್ನು ಕಲಿಸಿದವಳು, ಹೇನು ಹೆಕ್ಕಿದವಳು, ದೊರೆಸಾನಿಯ ಮನೆಯ ಕೆಲಸಕ್ಕೆ ಸೇರಿಸಿದವಳು ಅಕ್ಕಯ್ಯಮ್ಮ. ಈಗ ಆ ಹುಡುಗಿ ಒಂದು ಮಾತಿಲ್ಲದೆ ಗಾಡಿ ಹತ್ತಿ ಹೋಗಿಬಿಟ್ಟರೆ? ಹಳೆ ಸೀರೆಗಳನ್ನು ಹೊಲಿದು ಕೂಸಿಗೆಂದು ಒಂದು ಕೌದಿ ಮಾಡಿ ಟ್ರಂಕಿನಲ್ಲಿ ಇಟ್ಟಿದ್ದಳು. ಅದನ್ನು ಕೊಡಬೇಕಾದರೆ "ತಗೋ" ಅನ್ನಬೇಕು. "ತಗೋ" ಅಂದರೆ ಸೋತಂತೆ. ಸೋತರೆ ಜಡೆ ಹೋಯಿತು. ಆದ್ದರಿಂದ ಪಿಳ್ಳಮ್ಮನೇ ಮೊದಲು ಮಾತಾಡಬೇಕು, ಇವತ್ತೇ ಮಾತಾಡಬೇಕು. ಗೋಧೂಮಪಿಷ್ಟಮರ್ದಿನಿಯ ಸಕಲ ರಣತಂತ್ರವೂ ಇಷ್ಟೇ.

ಆಲೂಗಡ್ಡೆ ಮುಗಿಯಿತು. ಅಕ್ಕಯ್ಯಮ್ಮ ಎದ್ದು ಲಟ್ಟಣಿಗೆ ಕೈಗೆತ್ತಿಕೊಂಡಳು. ಪಿಳ್ಳಮ್ಮನೂ ಎದ್ದು, ತನ್ನ ದೊರೆಸಾನಿ ಅಜ್ಜಿಯ ಕಾಲದ್ದೆಂದು ಶಾಲಿನಲ್ಲಿ ಸುತ್ತಿ ಹಡಗಿನಲ್ಲಿ ತಂದಿದ್ದ ಆ ಮಹಾಲೋಹಫಲಕವನ್ನು, ಅಂದರೆ ಹಿಡಿಯುಳ್ಳ ಕಬ್ಬಿಣದ ಕಾವಲಿಯನ್ನು, ಒಲೆಯ ಮೇಲೆ ಸ್ಥಾಪಿಸಿದಳು. ಎರಡು ಸೇನೆಗಳೂ ಎದುರುಬದುರಾದವು. ವೀರರು ಶಸ್ತ್ರ ಝಳಪಿಸುವ ಮುನ್ನ ಪೌರುಷ ಆಡುವುದು ಯುದ್ಧಧರ್ಮ. ಶತ್ರುವಿನೊಡನೆ ಮಾತಿಲ್ಲದ ಕಾರಣ ಅಕ್ಕಯ್ಯಮ್ಮ ತನ್ನ ಆಯುಧವನ್ನೇ ಕುರಿತು ನುಡಿದಳು:

"ಎಲೈ ಲಟ್ಟಣಿಗೆಯೇ, ಕೇಳು! ಸಪ್ತಸಾಗರಪರಿವೃತವಾದ ಈ ಧರಾಮಂಡಲದಲ್ಲಿ ಅರ್ಧಚಂದ್ರಾಕಾರದ ನಮ್ಮ ಭಕ್ಷ್ಯಕ್ಕೆ ಸಮಾನವಾದ ದುರ್ಗವಿಲ್ಲ, ಅದರ ಹೆಣಿಗೆಯಂಚಿಗೆ ಸಮಾನವಾದ ಕೋಟೆಗೋಡೆಯಿಲ್ಲ. ಪಾತಾಳಕೂಪದ ಮುಖದಿಂದ ಅದನ್ನು ಕೆಳಗೆ ಕೆಡವಿದರೂ ಆ ಕೋಟೆ ಬಿರಿಯದು!"

ಇದನ್ನು ಅವಳು ಹೇಳಿದ್ದು ತನ್ನ ಮಾತಿನಲ್ಲಿ. "ನಮ್ ಕಡುಬು ಗಣಿ ಬಾಯಿಂದ ಕೆಳಕ್ಕೆ ಬಿದ್ರೂ ಒಡಿಯಲ್ಲ ಕಣೋ, ಲಟ್ಟಣಿಗೆ."

ಪಿಳ್ಳಮ್ಮ ತನ್ನ ಲೋಹಫಲಕವನ್ನು ಸಂಬೋಧಿಸಿ ಪ್ರತಿಬಾಣ ಹೂಡಿದಳು. "ಬಿದ್ರೂ ಒಡೀದೇ ಇರೋದು ತಿಂಡಿಯೋ ಗಡಾರಿಯೋ, ನೀನೇ ಹೇಳು ಕಾವ್ಲೀ."

ಕಾವಲಿ ಏನೂ ಹೇಳಲಿಲ್ಲ. ಕ್ಲಬ್ಬಿನ ಬಟ್ಲರ್ ಸವರಿಮುತ್ತು ಬಾಗಿಲಲ್ಲಿ ನಿಂತು ಕಿಸಿಕಿಸಿ ನಕ್ಕ. ಕೆಂಪು ಪಟ್ಟಿಯ ಬಿಳಿ ಕೋಟು ತೊಟ್ಟ ಆ ತಮಿಳಿನವನು ಈ ಸಮರದಲ್ಲಿ ಉಭಯ ಪಕ್ಷಗಳ ರಾಯಭಾರಿ.

"ಸವರಿಮುತ್ತಣ್ಣಾ, ಉಪ್ಪು ಯಾರ ತಾವ ಐತೋ ಅವ್ರಿಗೆ ಹೇಳು, ಇತ್ತ ತಳ್ಳಲಿ ಅಂತ," ಎಂದಳು ಅಕ್ಕಯ್ಯಮ್ಮ.

"ಪಿಳ್ಳಮ್ಮಾ, ಉಪ್ಪು ತಳ್ಳಬೇಕಂತೆ."

"ತಳ್ಳಿದೀನಿ ಅಂತ ಹೇಳಣ್ಣಾ."

"ಅಕ್ಕೋ, ತಳ್ಳಿದಾರಂತೆ. ಅಯ್ಯೋ ಸ್ವಾಮಿ, ನಿಮ್ಮ ಇಬ್ಬರ ನಡುವೆ ಒಂದು ಮೊಳ ದೂರ ಇಲ್ಲ, ನನಗೆ ಕಾಲು ನೋವು ಬರ್ತಾ ಇದೆ." ಹೀಗೆಂದು ರಾಯಭಾರಿಯು ಸಂಧಾನ ಕೈಬಿಟ್ಟು, ಮೇಜಿಗೆ ಬಟ್ಟೆ ಹಾಸಲು ಹೊರಟುಹೋದ.

ಅಲ್ಲಿಂದ ಘೋರ ಸಂಗ್ರಾಮ. ಅಕ್ಕಯ್ಯಮ್ಮ ಮಾಂಸ ಕೊಚ್ಚಿದಳು. ಆ ಊರಿನ ಗೆಡ್ಡೆ ಇಲ್ಲಿ ಸಿಗದೆಂದು ನವಿಲುಕೋಸು ಹೆಚ್ಚಿದಳು. ಈರುಳ್ಳಿಯ ರಾಶಿಯನ್ನು ಎರಡೆರಡು ಹೋಳು ಮಾಡಿ ಸಂಹರಿಸತೊಡಗಿದಾಗ ಅಡುಗೆಮನೆ ತುಂಬ ಎದ್ದ ಘಾಟಿಗೆ ಕಿಟಕಿಯ ಕಾಗೆಯೂ ಕಣ್ಣು ಮಿಟುಕಿಸಿತು. ಪಿಳ್ಳಮ್ಮ ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ಜಾಕಾಯಿಪುಡಿ, ದ್ರಾಕ್ಷಿ ಕಲಸಿ, ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆ ಒತ್ತಿದಳು. ಚಕ್ರಾಯುಧಗಳು ಸಾಲುಸಾಲಾಗಿ ಮಲಗಿದವು. ಕಾವಲಿ ಕಾಯಿತು.

ಮನೆಯಲ್ಲಾದರೆ ಪ್ರೊಸರ್ ದೊರೆಸಾನಿ ಪಕ್ಕದಲ್ಲೇ ನಿಂತು ಕೊಬ್ಬು ಸವರಿದ ಬಟ್ಟೆ ಕೈಗೆ ಕೊಡುತ್ತಿದ್ದಳು. ಇಂದು ದೊರೆಸಾನಿ ಕ್ಲಬ್ಬಿನ ದೊಡ್ಡ ಹಾಲ್‌ನಲ್ಲಿ ಹೂ ಜೋಡಿಸುತ್ತಿದ್ದಳು. ಪಿಳ್ಳಮ್ಮನ ಕೈ ಒಂಟಿಯಾಯಿತು. ಒಂಟಿಯಾದ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ದಿನಾ ಬೆಳಗಾಗೆದ್ದು ಗಂಡನಿಗೆ ದೋಸೆ ಹುಯ್ಯುವ ಆ ಕೈ, ಅಕ್ಕಯ್ಯಮ್ಮನ ರಾಶಿಯಿಂದ ಅರ್ಧ ಈರುಳ್ಳಿಯನ್ನು ಎತ್ತಿಕೊಂಡು, ಎಣ್ಣೆಯಲ್ಲಿ ಅದ್ದಿ, ಚೊರ್ ಎಂದು ಕಾವಲಿಗೆ ಉಜ್ಜಿತು.

ಅಕ್ಕಯ್ಯಮ್ಮ ಕಂಡಳು.

ಎಲೈ ಒಲೆಯೊಡತಿಯೇ, ಆ ಕ್ಷಣದಲ್ಲಿ ಆ ಮಹಾಬಾಹುವಿನ ಗಂಟಲಿನಲ್ಲಿ ನಡೆದ ಯುದ್ಧವನ್ನು ಯಾವ ಬಾಯಿಂದ ಬಣ್ಣಿಸುವುದು! "ಅಯ್ಯೋ ಪಿಳ್ಳೀ" ಎಂಬ ಮಾತು ಹೊಟ್ಟೆಯಿಂದ ಕುದುರೆಯಂತೆ ಹಾರಿತು, ಎದೆಯನ್ನು ದಾಟಿತು, ಗಂಟಲಿನ ದಿಡ್ಡಿಬಾಗಿಲನ್ನು ಒದ್ದಿತು. ಬಾಗಿಲ ಬಳಿ ಕಾವಲಿದ್ದ ಛಲವೆಂಬ ಮಹಾಮಲ್ಲ ಅಗುಳಿ ಜಡಿದು ನಿಂತ. ಸಿಹಿ ತಿಂಡಿಯ ಕಾವಲಿಗೆ ಈರುಳ್ಳಿ! ಹೇಳಿದರೆ ಸೋಲು. ಹೇಳದಿದ್ದರೆ ಗೆಲುವು, ಎಂಥ ಗೆಲುವು, ಬೆವರು ಸುರಿಸದ, ಕೈ ಕೆಸರಾಗದ, ಪರಿಪೂರ್ಣ ಗೆಲುವು! ಮಾತು ಒದೆಯಿತು, ಛಲ ತಡೆಯಿತು. ಅವಳ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚಿತು. ಕೆರೆಯಿಂದ ಹೊರಬಿದ್ದ ಮೀನು ನೋಡಿದ್ದರೆ ತನ್ನ ನೆಂಟಳೆಂದು ಕರೆಯುತ್ತಿತ್ತು.

ಮೊದಲು ಕೆಮ್ಮಿದಳು. ಆಮೇಲೆ ಸೌಟಿನಿಂದ ಪಾತ್ರೆ ಬಡಿದಳು. ಗಣಿಯ ಭೂತದ ಹಾಗೆ ಟಕ್ ಟಕ್ ಎಂದು ಮೇಜು ತಟ್ಟಿದಳು. ಪಿಳ್ಳಮ್ಮ ತಿರುಗಿ ನೋಡಲಿಲ್ಲ. ಕಡೆಗೆ ಒಪ್ಪಂದದಲ್ಲೇ ಒಂದು ಕಿಂಡಿ ಕಂಡು, ಕಿಟಕಿಯ ಕಾಗೆಯತ್ತ ತಿರುಗಿದಳು.

"ಏ ಕಾಗೀ, ಸಿಹಿ ಮಾಡೋ ಕಲ್ಲಿಗೆ ಯಾರಾನ ಈರುಳ್ಳಿ ಉಜ್ತಾರೇನೇ?"

ನೇರವಾದ ಮಾತು. ಆದರೆ ಸಂಕ್ರಾಂತಿಯಿಂದ ಈಚೆಗೆ ಆ ಇಬ್ಬರ ನಡುವೆ ಕಾಗೆಗೆ, ಕೋಳಿಗೆ, ಬಾಗಿಲಿಗೆ ಹೇಳಿದ್ದೆಲ್ಲವೂ ಕುಟುಕುಮಾತೇ ಆಗಿತ್ತಲ್ಲ. ಪಿಳ್ಳಮ್ಮ ಅದನ್ನೂ ಕುಟುಕೆಂದೇ ಎಣಿಸಿದಳು. ತನ್ನ ಈರುಳ್ಳಿ ಎತ್ತಿಕೊಂಡರೆಂದು ಅಕ್ಕನಿಗೆ ಉರಿ! ಅವಳು ಹೋಳನ್ನು ಇನ್ನೊಮ್ಮೆ ಎಣ್ಣೆಯಲ್ಲಿ ಅದ್ದಿ ಇನ್ನೂ ಜೋರಾಗಿ ಉಜ್ಜಿದಳು.

"ಕೆಲವ್ರಿಗೆ ಅರ್ಧ ಈರುಳ್ಳಿಗೂ ಹೊಟ್ಟೆ ಉರೀತೈತೆ, ಕಾವ್ಲೀ."

"ಕಾಗೀ, ನಾನ್ ಹೇಳಿದ್ದು ಒಳ್ಳೇದಕ್ಕೆ!"

"ಕಾವ್ಲೀ, ಕಾಗೆ ಜೊತೆ ಮಾತಾಡೋರ್ಗೆ ತಲೆ ನೆಟ್ಟಗಿರಲ್ಲ."

ಕಾಗೆಯು ಈ ಕುಟುಂಬದ ವ್ಯವಹಾರ ತನಗೆ ಬೇಡವೆಂದು ಹಾರಿಹೋಯಿತು. ಪ್ರತಿಯೊಂದು ಸರದಿಗೂ ಕಾವಲಿಗೆ ಈರುಳ್ಳಿಯ ಅಭಿಷೇಕ ನಡೆಯಿತು. ಬಿಲ್ಲೆಗಳು ಹೊಂಬಣ್ಣಕ್ಕೆ ತಿರುಗಿ, ಮೇಲೆ ಸಕ್ಕರೆ ಉದುರಿಸಿಕೊಂಡು, ಹುಣ್ಣಿಮೆಚಂದ್ರರ ಮೆರವಣಿಗೆಯಂತೆ ತಟ್ಟೆಯೇರಿದವು. ಬಡಿಸುವ ಮುಂಚೆ ಅಡುಗೆಯವಳು ರುಚಿ ನೋಡಿದರೆ ತಿಂಡಿ ಎಂಜಲಾಗುತ್ತದೆಂದು ಪಿಳ್ಳಮ್ಮ ಒಂದು ಚೂರೂ ಬಾಯಿಗಿಡಲಿಲ್ಲ. ಅಡುಗೆಮನೆಯೆಲ್ಲ ಈರುಳ್ಳಿಯ ಘಾಟಾಗಿದ್ದರಿಂದ ಮೂಗಿಗೂ ಏನೂ ತಿಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಬಿಲ್ಲೆ ಆರಲೆಂದು ತಟ್ಟೆ ಹಿಡಿದು ಹಿಂಬಾಗಿಲ ಗಾಳಿಗೆ ಹೋದಳು. ಹೊರಗಿನ ಶುದ್ಧವಾದ ಗಾಳಿ ಒಮ್ಮೆ ಬೀಸಿತು. ಪಿಳ್ಳಮ್ಮ ನಿಂತಳು. ತಟ್ಟೆಯನ್ನು ಮೂಗಿನ ಹತ್ತಿರ ತಂದಳು. ಇನ್ನೊಮ್ಮೆ ತಂದಳು. ಮೆಲ್ಲಗೆ ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅಕ್ಕಯ್ಯಮ್ಮ ಕೊನೆಯ ಪ್ಯಾಸ್ಟಿಗಳನ್ನು ಒಲೆಯಿಂದ ತೆಗೆದು ತಿರುಗಿದಾಗ ಕಂಡದ್ದು ಬಾಗಿಲಾಚೆಯ ಆ ಬೆನ್ನು. ಆ ಬೆನ್ನು ಅಲುಗುತ್ತಿತ್ತು. ಒಂದು ಕೈ ತಟ್ಟೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಕಲಸಲು ಹಿಟ್ಟು ಉಳಿದಿಲ್ಲ, ಬಿಡಿಸಲು ದ್ರಾಕ್ಷಿ ಉಳಿದಿಲ್ಲ. ಇಂಥದ್ದಾಗಿದೆ ಎಂದು ಹೇಳಿಕೊಳ್ಳಲು ಅವಳಿಗೆ ಯಾರೂ ಇಲ್ಲ. ಇದ್ದ ಒಬ್ಬಳು ಅಕ್ಕನ ಜೊತೆ ಮಾತಿಲ್ಲ.

ಹಾಲಿನಿಂದ ಸವರಿಮುತ್ತುವಿನ ರಣಕಹಳೆ ಮೊಳಗಿತು. "ಟೀ ಟೈಮ್ ಆಯ್ತು! ದೊರೆಗಳೆಲ್ಲ ಬಂದ್ರು! ತಟ್ಟೆ! ತಟ್ಟೆ!"

ಅಕ್ಕಯ್ಯಮ್ಮ ನಾಲಗೆ ಕಚ್ಚಿ ಹಿಡಿದಳು. ಆದರೆ ಕೈಗೆ ಯಾರೂ ಆಣೆ ಹಾಕಿರಲಿಲ್ಲ. ಮೂಲೆಯ ಬಕೆಟ್ಟಿನಲ್ಲಿ ಒಂದು ಕಟ್ಟು ಲೀಕ್ ನೀರಿನಲ್ಲಿ ನಿಂತಿತ್ತು. ವೇಲ್ಸಿನವರು ಸಂತ ಡೇವಿಡ್ಡನ ಹಬ್ಬಕ್ಕೆ ಕೋಟಿಗೆ ಸಿಕ್ಕಿಸಿಕೊಳ್ಳುವ ದಂಟು ಅದು. ಬಿಳಿ ಬುಡ, ಹಸಿರು ಎಲೆ, ಈರುಳ್ಳಿಯ ಸ್ವಂತ ದಾಯಾದಿ. ಸಿಕ್ಕಿಸಿಕೊಂಡು ಮಿಕ್ಕದ್ದನ್ನು ಪ್ರೊಸರ್ ದೊರೆಸಾನಿ ಅಲ್ಲಿ ಬಿಟ್ಟಿದ್ದಳು. ಅಕ್ಕಯ್ಯಮ್ಮ ಆ ಕಟ್ಟನ್ನು ಎಳೆದಳು, ಕೊಡವಿದಳು, ಎಲೆಗಳನ್ನು ಉದ್ದುದ್ದಕ್ಕೆ ಸೀಳಿದಳು. ಹಿಂಬಾಗಿಲಿಗೆ ಹೋಗಿ, ಪಿಳ್ಳಮ್ಮನ ಮಡಿಲಿನಿಂದ ತಟ್ಟೆ ಕಿತ್ತುಕೊಂಡು, ಬಿಲ್ಲೆಗಳ ಸುತ್ತ ಲೀಕಿನ ಜಡೆ ಹೆಣೆಯತೊಡಗಿದಳು.

ಆಹಾ, ಆ ಹೆಣಿಗೆ! ಪ್ಯಾಸ್ಟಿಗೆ ಹಾಕಿದ ಜಡೆಗಳೆಲ್ಲ ಅದರ ಮುಂದೆ ಬರೀ ಅಭ್ಯಾಸ. ಬಿಳಿ ಹಸಿರು ಬಿಳಿ ಹಸಿರಾಗಿ ತಟ್ಟೆಯ ಅಂಚನ್ನು ಸುತ್ತಿ ಬಂದು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತು. ಸೀಳಿದ ಲೀಕಿನ ವಾಸನೆ ಘಮ್ಮೆಂದು ಎದ್ದಿತು. ಆ ಘಮಲಿನೊಳಗೆ ಕಾವಲಿಯ ಈರುಳ್ಳಿ ಎಲ್ಲಿ ಅಡಗಿತೋ ಹುಡುಕುವುದು ಯಾವ ಮೂಗಿಗೂ ಸಾಧ್ಯವಿರಲಿಲ್ಲ.

ಪಿಳ್ಳಮ್ಮ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಸವರಿಮುತ್ತು ಗಾಳಿಯಂತೆ ಬಂದು ಎರಡೂ ತಟ್ಟೆಗಳನ್ನು ಎತ್ತಿಕೊಂಡು ಹೋದ. ಬಾಯಿ ಮುಚ್ಚಿತು.

ಇಬ್ಬರೂ ಹಾಲಿನ ಬಾಗಿಲ ಸಂದಿಗೆ ಕಣ್ಣು ಹಚ್ಚಿ, ಒಬ್ಬರ ಮೇಲೊಬ್ಬರು ಬಾಗಿ ನಿಂತರು. ಒಳಗೆ ಬಿಳಿ ಕೈಗವಸುಗಳು, ಹೂವಿನ ಟೋಪಿಗಳು, ಪಿಂಗಾಣಿ ಬಟ್ಟಲುಗಳ ಸದ್ದು. ಪ್ರೊಸರ್ ದೊರೆ ಬಿಲ್ಲೆ ಎತ್ತಿಕೊಂಡ. ಕಚ್ಚಿದ. ಅಗಿಯುವುದನ್ನು ನಿಲ್ಲಿಸಿದ. ಪಿಳ್ಳಮ್ಮನ ಉಗುರು ಅಕ್ಕಯ್ಯಮ್ಮನ ತೋಳಿಗೆ ನೆಟ್ಟಿತು.

ಸವರಿಮುತ್ತು ಖಾಲಿ ಕೆಟ್ಲಿನೊಂದಿಗೆ ಓಡಿಬಂದ. "ಪ್ರೊಸರ್ ದೊರೆ ಅಳ್ತಾ ಇದಾರೆ!"

"ಸಿಟ್ಟಿಗಾ ಅಣ್ಣಾ?" ಎಂದಳು ಪಿಳ್ಳಮ್ಮ.

"ಸಿಟ್ಟಾ? ಇನ್ನೂ ಎರಡು ಎತ್ಕೊಂಡ್ರು! ಇವರ ಅಜ್ಜಿ ಮನೇಲಿ ಒಂದೇ ಒಲೆಯಂತೆ, ಲೀಕ್ ಹಾಕಿ ಕುರಿ ಮಾಂಸದ ಸಾರು ಅದರ ಮೇಲೇ, ಬಿಲ್ಲೆ ಸುಡೋದೂ ಅದರ ಮೇಲೇ. ಎರಡರ ವಾಸನೆ ಕಲೆತು ಹೋಗ್ತಿತ್ತಂತೆ. ಹಡಗು ಹತ್ತಿದ ಮೇಲೆ ಇವತ್ತೇ ಆ ರುಚಿ ಅಂತ ಕರ್ಚೀಫು ಒದ್ದೆ ಮಾಡ್ಕೊಂಡು ಕೂತಿದಾರೆ."

"ಕಡುಬು?" ಎಂದಳು ಅಕ್ಕಯ್ಯಮ್ಮ.

"ಅದೂ ಖಾಲಿ."

"ಮತ್ತೆ ಗೆದ್ದೋರು ಯಾರು?" ಎಂದು ಇಬ್ಬರೂ ಒಟ್ಟಿಗೆ ಅವನನ್ನು ಕೇಳಿದರು. ಸಾಮ್ರಾಜ್ಯಗಳು ಉಸಿರು ಬಿಗಿಹಿಡಿದವು. ಇಬ್ಬರು ಸಂತರೂ ಸ್ವರ್ಗದ ಕಟಕಟೆಗೆ ಬಾಗಿದರು.

ಸವರಿಮುತ್ತುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗೆಲ್ಲೋದು ಏನು? ಟೀ ಪಾರ್ಟಿ ಇದು. ನಿಮ್ಮ ದೊರೆಸಾನಿ ಅವರ ದೊರೆಸಾನಿ ತಟ್ಟೇಲಿ ತಿಂದ್ರು, ಅವರು ಇವರ ತಟ್ಟೇಲಿ ತಿಂದ್ರು. ಈಗ ಯಾವುದೋ ನಾಯಿಮರಿ ವಿಷಯ ಮಾತಾಡ್ತಾ ಇದಾರೆ."

ಇಷ್ಟೇ. ಪಂದ್ಯವಿರಲಿಲ್ಲ, ತೀರ್ಪುಗಾರರಿರಲಿಲ್ಲ. ಸಂಕ್ರಾಂತಿಯಿಂದ ಕೋಳಿಗಳೂ ನಿದ್ದೆಗೆಟ್ಟ ಆ ಮಹಾಸಮರದ ಸುದ್ದಿ, ಅಡುಗೆಮನೆಯಿಂದ ಹಾಲಿಗೆ ಹೋಗುವ ಆ ಸಣ್ಣ ಬಾಗಿಲನ್ನೂ ದಾಟಿರಲಿಲ್ಲ.

ಸವರಿಮುತ್ತು ಎರಡು ತಟ್ಟೆ ತಂದು ಮೇಜಿನ ಮೇಲಿಟ್ಟ. ಒಂದರಲ್ಲಿ ಬಾಡಿದ ಲೀಕಿನ ಜಡೆ, ನಡುವೆ ಉಳಿದುಹೋದ ಒಂದೆರಡು ಬಿಲ್ಲೆ. ಇನ್ನೊಂದರಲ್ಲಿ ಗುಡ್ಡೆಯಾಗಿ ಪ್ಯಾಸ್ಟಿಯ ಅಂಚುಗಳು. ಕೈಗವಸು ಹಾಕಿದ ದೊರೆಸಾನಿಯರು ಕೈಯಲ್ಲಿ ಹಿಡಿದು ತಿನ್ನುವುದಿಲ್ಲವೆಂದು, ಬಡಿಸುವ ಮೊದಲೇ ಅವನು ಎಲ್ಲ ಅಂಚನ್ನೂ ಚಾಕುವಿನಿಂದ ಕತ್ತರಿಸಿ ತೆಗೆದಿದ್ದ. ಅವಳ ಹೆಣಿಗೆಯನ್ನು ಹಾಲಿನಲ್ಲಿ ಯಾರೂ ಕಣ್ಣಿಂದಲೂ ಕಂಡಿರಲಿಲ್ಲ.

ಅಕ್ಕಯ್ಯಮ್ಮ ಆ ಗುಡ್ಡೆ ನೋಡಿದಳು. ಒಂದೊಂದು ಮಡಿಕೆಯೂ ಅವಳ ಹೆಬ್ಬೆರಳ ಗುರುತು. ಪಿಳ್ಳಮ್ಮ ಈಗ ನಗುತ್ತಾಳೆ, ನಗಲಿ ಎಂದುಕೊಂಡು ಮುಖ ತಿರುಗಿಸಿದಳು. ಮಾಡಲು ಬೇರೇನೂ ತೋಚದೆ, ಪಕ್ಕದ ತಟ್ಟೆಯಿಂದ ಒಂದು ಇಡೀ ಬಿಲ್ಲೆಯನ್ನೆತ್ತಿ ಬಾಯಿಗೆ ತುರುಕಿಕೊಂಡಳು. ಮಿಕ್ಕದ್ದನ್ನು ಸವರಿಮುತ್ತು ತುರುಕಿಕೊಂಡ.

ಬೆಳಗಿನಿಂದ ಏನೂ ತಿನ್ನದ ಪಿಳ್ಳಮ್ಮ ಗೋಡೆಗೊರಗಿ ಕಾಲು ಚಾಚಿ ಕೂತು, ಅಂಚುಗಳ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಅಂಚು ಮುರಿದು ಬಾಯಿಗಿಟ್ಟಳು. ಕರುಮ್ ಎಂದಿತು. ಒಳಗಿನ ರಸ ಇಳಿದು, ಒಲೆಯ ಶಾಖಕ್ಕೆ ಗರಿಗರಿಯಾಗಿ, ಮಡಿಕೆಮಡಿಕೆಗೂ ಉಪ್ಪು ಹಿಡಿದಿದ್ದ ಅಂಚು. ಇನ್ನೊಂದು ಮುರಿದಳು. ಮತ್ತೊಂದು. ಬಸುರಿಯ ಬಯಕೆ ಕಣ್ಣು ತೆರೆಯಿತು.

"ಅಕ್ಕಾ! ಅಂಚೇ ಕಣಕ್ಕಾ ರುಚಿ!"

ಒಲೆಯೊಡತಿಯೇ, ಕೇಳಿದೆಯಾ! ಆಡಿದಳು! ಮೊದಲು ಆಡಿದವಳು ಅವಳೇ! ಮೌನದುರ್ಗ ಬಿತ್ತು, ಒಪ್ಪಂದದ ಪ್ರಕಾರ ವೇಲ್ಸ್ ಸೋತಿತು, ಕಾರ್ನ್‌ವಾಲಿನ ಧ್ವಜ ಏರಿತು! ಈಗ ಗೋಧೂಮಪಿಷ್ಟಮರ್ದಿನಿಯು ಲಟ್ಟಣಿಗೆ ಎತ್ತಿ ದಿಕ್ಕುದಿಕ್ಕು ಬಿರಿಯುವ ಹಾಗೆ ಜಯಘೋಷ ಮಾಡಬೇಕು.

ಮಾಡುವುದು ಹೇಗೆ? ಬಾಯಿ ತುಂಬ ಬಿಲ್ಲೆ. ಒಣಗಿದ, ದಪ್ಪನೆಯ, ಈರುಳ್ಳಿ ವಾಸನೆಯ ಬಿಲ್ಲೆ ಅಂಗುಳಕ್ಕೆ ಅಂಟಿಕೊಂಡು, ಒಳಕ್ಕೂ ಹೋಗದೆ ಹೊರಕ್ಕೂ ಬಾರದೆ ಕೂತಿತ್ತು. ಅದೂ ಚೆನ್ನಾಗಿಯೇ ಇತ್ತು, ಹಾಳಾದ್ದು. ಅಕ್ಕಯ್ಯಮ್ಮನ ಎರಡು ಕೆನ್ನೆಯೂ ಉಬ್ಬಿ, ಕಣ್ಣಲ್ಲಿ ನೀರು ಬಂತು. ಅದು ಬಿಲ್ಲೆಗೋ, ಈರುಳ್ಳಿಗೋ, ಟ್ರಂಕಿನಲ್ಲಿದ್ದ ಕೌದಿಗೋ ಅವಳಿಗೇ ತಿಳಿಯಲಿಲ್ಲ.

ಪಿಳ್ಳಮ್ಮನಿಗೆ ತಾನು ಸೋತದ್ದು ಗೊತ್ತೇ ಆಗಲಿಲ್ಲ. ಕಟ್ಟೆ ಒಡೆದ ನೀರಿನಂತೆ ಹೇಳುತ್ತಲೇ ಹೋದಳು. ಕೂಸು ಬಲಗಡೆಗೇ ಒದೆಯುತ್ತದಂತೆ, ಮಲಗಿದರೆ ಬೆನ್ನು ಹಿಡಿಯುತ್ತದಂತೆ, ಅತ್ತೆ ಎಲೆಯಡಿಕೆಯನ್ನು ಇವಳ ಹೊಸ ಸೀರೆಯ ಮೇಲೇ ಉಗುಳಿದಳಂತೆ, ನಾಳೆ ಗಾಡಿಯಲ್ಲಿ ಹೋಗಲು ಭಯವಂತೆ, ಅಕ್ಕನೂ ಊರಿನ ತನಕ ಬಂದರೆ ಚೆನ್ನಾಗಿತ್ತಂತೆ. ಹೇಳುತ್ತಾ ಹೇಳುತ್ತಾ ತಟ್ಟೆ ಬರಿದಾಯಿತು. ಮೇಜಿನ ಮೇಲೆ ಸವರಿಮುತ್ತುವಿನ ಮೊಣಕೈ ಹತ್ತಿರ ಒಂದೇ ಒಂದು ಅಂಚು ಬಿದ್ದಿರುವುದು ಅವಳ ಕಣ್ಣಿಗೆ ಬಿತ್ತು.

"ಅಕ್ಕಾ, ಅದೊಂದೂ ಇತ್ತ ಕೊಡೇ."